ತೊಗಟೆಯ ಮೇಲಣ ಬೆಳಕು

ಮರದ ಛಾಯಾಚಿತ್ರವೆಂದೊಡನೆ ಕಣ್ಣೆದುರಿಗೆ ಬರುವುದು ಬುಡದಿಂದ ತುದಿಯವರೆಗೆ ಚೌಕಟ್ಟಿನೊಳಗೆ ನಿಂತ ಒಂದು ಹಸಿರು ಆಕೃತಿ. ಅದರ ಮೈಯನ್ನು, ಎಂದರೆ ತೊಗಟೆಯನ್ನು, ಹತ್ತಿರದಿಂದ ಚಿತ್ರಿಸುವವರು ವಿರಳ. ಹೂವು, ಕಾಯಿಗಳು ಋತುವಿಗೊಮ್ಮೆ ಬಂದು ಹೋಗುವಂಥವು. ಹನ್ನೆರಡು ತಿಂಗಳೂ ಕೈಗೆಟಕುವ ಎತ್ತರದಲ್ಲಿ ಕಾಣಸಿಗುವುದು ತೊಗಟೆಯೇ. ಕಾಂಡವು ಒಳಗಿನಿಂದ ದಪ್ಪವಾಗುತ್ತ ಬಂದಂತೆ ಹೊರಗಿನ ನಿರ್ಜೀವ ಪದರವು ಹಿಗ್ಗಲಾರದೆ ಬಿರಿಯುತ್ತದೆ. ಬಿರಿಯುವ ಬಗೆ ಒಂದೊಂದು ಜಾತಿಗೆ ಒಂದೊಂದು. ಮತ್ತಿಯ ಮೈ ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಒಡೆಯುತ್ತದೆ; ನಂದಿಯ ತೊಗಟೆ ತೆಳುಚಕ್ಕೆಗಳಾಗಿ ಕಳಚಿ ನುಣುಪಾಗುತ್ತದೆ.

ಮಂಗಳೂರು ನಗರದ ಉತ್ತರ ಭಾಗದಲ್ಲಿರುವ ಸುರತ್ಕಲ್ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂಥ ಊರು. ಪಡುವಣಕ್ಕೆ ತೆರೆದ ಕಡಲಿರುವುದರಿಂದ ಇಳಿಹೊತ್ತಿನ ಬಿಸಿಲು ಅಡ್ಡಲಾಗಿ ಬಂದು ಕಾಂಡಗಳ ಮೈಯನ್ನು ಸವರಿಕೊಂಡು ಹೋಗುತ್ತದೆ. ಆಗ ಮರದ ತೆಂಕಣ ಅಥವಾ ಬಡಗಣ ಮಗ್ಗುಲಿನಲ್ಲಿ ನಿಂತು ನೋಡಬೇಕು. ಒಂದೊಂದು ಬಿರುಕಿನೊಳಗೂ ನೆರಳು ತುಂಬಿ, ಉಬ್ಬುಗಳೆಲ್ಲ ಹೊಳೆದು, ಚಪ್ಪಟೆಯೆನಿಸಿದ್ದ ಮೈ ಬೆಟ್ಟ ಕಣಿವೆಗಳ ನಾಡಿನಂತೆ ತೋರುತ್ತದೆ. ನಡುಹಗಲಿನ ಬಿಸಿಲಿನಲ್ಲಾಗಲಿ, ಕ್ಯಾಮೆರಾದ ಫ್ಲ್ಯಾಷಿನ ಎದುರುಬೆಳಕಿನಲ್ಲಾಗಲಿ ಈ ನೋಟ ದೊರೆಯದು. ಅಮೆರಿಕದ ಎಡ್ವರ್ಡ್ ವೆಸ್ಟನ್ 1929ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಕಡಲ ದಂಡೆಯಲ್ಲಿ ಸೈಪ್ರೆಸ್ ಮರಗಳ ಬೇರುಬೊಡ್ಡೆಗಳನ್ನು ಹೀಗೆಯೇ ಬಳಿಸಾರಿ ಚಿತ್ರಿಸಿದನು. ಬಣ್ಣದ ನೆರವಿಲ್ಲದೆ, ಕಪ್ಪು ಬಿಳುಪಿನಲ್ಲಿಯೇ.

ಸುರತ್ಕಲ್ಲಿನ ಕಡಲ ಮಗ್ಗುಲಲ್ಲಿ ಮೊದಲು ಎದುರಾಗುವುದು ತೆಂಗು ಮತ್ತು ಗಾಳಿಮರ. ತೆಂಗಿನ ಮೈಯ ಉಂಗುರಗಳು ಉದುರಿದ ಗರಿಗಳ ಗುರುತುಗಳು. ಸಸ್ಯಶಾಸ್ತ್ರದ ಪ್ರಕಾರ ಅದು ನಿಜವಾದ ತೊಗಟೆಯೇ ಅಲ್ಲ. ಚಿತ್ರಕಾರನಿಗೆ ಆ ತಕರಾರು ಬೇಕಿಲ್ಲ. ಗಾಳಿಮರವಾದರೋ ಹೊರಗಿನಿಂದ ಬಂದದ್ದು, 1868ರಲ್ಲಿ ಕಾರವಾರದ ಕಡೆ ನೆಡಲ್ಪಟ್ಟದ್ದು. ಅದರ ತೊಗಟೆ ಉದ್ದುದ್ದ ಸೀಳಿ ಪಟ್ಟಿಪಟ್ಟಿಯಾಗಿ ಏಳುತ್ತದೆ. ಮಳೆಗಾಲದಲ್ಲಿ ಇವೆಲ್ಲವುಗಳ ಬಣ್ಣವೇ ಬೇರೆ. ನೆಂದ ತೊಗಟೆ ಕಪ್ಪಾಗಿ, ಅದರ ಮೇಲಣ ಪಾಚಿ, ಕಲ್ಲುಹೂವುಗಳು ಹಸಿರೇರುತ್ತವೆ. ಕ್ಯಾಮೆರಾದ ಬೆಳಕುಮಾಪಕವು ಎದುರಿನದನ್ನೆಲ್ಲ ನಡುಬೂದಿಯ ಬಣ್ಣವೆಂದೇ ಎಣಿಸುವುದರಿಂದ ಈ ಕಪ್ಪು ಚಿತ್ರದಲ್ಲಿ ಬಿಳಿಚಿಕೊಳ್ಳುತ್ತದೆ. ಬೆಳಕನ್ನು ಒಂದು ಹಂತ ಇಳಿಸಿದರೆ ಸರಿಹೋಗುತ್ತದೆ. ಮೊಬೈಲಿನಲ್ಲಿಯೂ ಈ ಸೌಲಭ್ಯವುಂಟು. ಕಾಂಡ ದುಂಡಗಿರುವ ಕಾರಣ ನಡುವಿನ ಪಟ್ಟಿ ಮಾತ್ರ ಸ್ಪಷ್ಟವಾಗಿ ಮೂಡಿ ಅಂಚುಗಳು ಮಸುಕಾಗುವುದೂ ಉಂಟು. ಮಸೂರದ ಕಿಂಡಿಯನ್ನು ಕಿರಿದುಮಾಡಿ, ಮುಕ್ಕಾಲಿಯ ಮೇಲೆ ಕ್ಯಾಮೆರಾ ಇರಿಸಿದರೆ ಆ ದೋಷ ಕಡಿಮೆಯಾಗುತ್ತದೆ.

ತೊಗಟೆಯನ್ನು ನಿಟ್ಟಿಸಿ ನೋಡುವ ಈ ಅಭ್ಯಾಸ ತುಳುನಾಡಿನಲ್ಲಿ ಕೇವಲ ಸೌಂದರ್ಯದ ಮಾತಾಗಿ ಉಳಿಯುವುದಿಲ್ಲ. ಆಟಿ ತಿಂಗಳ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮುನ್ನ ಹಾಲೆ ಮರದ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಅದರ ಕಷಾಯವನ್ನು ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುವುದು ಇಲ್ಲಿಯ ವಾಡಿಕೆ. ಕತ್ತಲೆಯಲ್ಲಿ ಮರ ತಪ್ಪಿದರೆ? ಕಾಸರಕದ ತೊಗಟೆಯೂ ಬೂದುಬಣ್ಣದ್ದೇ, ಅದರ ಮೈಮೇಲೂ ಸಣ್ಣ ಗುಳ್ಳೆಗಳು. ಆದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ಘೋರವಿಷ. ಹಗಲಿನಲ್ಲಿ ಇವೆರಡರ ಭೇದ ಕಷ್ಟವಲ್ಲ. ಹಾಲೆಯ ಎಲೆಗಳು ಸಾಮಾನ್ಯವಾಗಿ ಐದು, ಆರು, ಏಳರಂತೆ ಒಂದೇ ಗಿಣ್ಣಿನ ಸುತ್ತ ಚಕ್ರಾಕಾರವಾಗಿರುತ್ತವೆ; ಸಪ್ತಪರ್ಣಿಯೆಂಬ ಹೆಸರು ಬಂದದ್ದು ಇದರಿಂದಲೇ. ಗಾಯವಾದರೆ ಹಾಲು ಸುರಿಯುತ್ತದೆ. ಕಾಸರಕದ ಹೊಳಪಿನ ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿದ್ದು, ಬುಡದಿಂದಲೇ ಮೂರು ಅಥವಾ ಐದು ನರಗಳು ಹೊರಡುತ್ತವೆ, ಹಾಲು ಇರುವುದಿಲ್ಲ. ಹಾಲೆಯ ಹಲಗೆಯಿಂದ ಹಿಂದೆ ಮಕ್ಕಳ ಬರೆಯುವ ಹಲಗೆಗಳನ್ನು ಮಾಡುತ್ತಿದ್ದುದರಿಂದ ಸಸ್ಯಶಾಸ್ತ್ರಜ್ಞರು ಅದರ ಹೆಸರಿನಲ್ಲಿ ಶಾಲೆಯನ್ನೇ ಸೇರಿಸಿ 'ಆಲ್‌ಸ್ಟೋನಿಯ ಸ್ಕಾಲಾರಿಸ್' ಎಂದರು. ವಿದ್ಯಾರ್ಥಿಗಳು ಅದನ್ನು ಗುರುತಿಸಲಾರದೆ ಹೋದರೆ ಮರಕ್ಕಲ್ಲ, ಶಾಲೆಗೇ ಕುಂದು.

ಆದುದರಿಂದ ಹಾಲೆಯನ್ನು ಚಿತ್ರಿಸುವವನು ಒಂದೇ ಚಿತ್ರಕ್ಕೆ ತೃಪ್ತನಾಗಬಾರದು. ದೂರದಿಂದ ಇಡೀ ಮರ, ಎಲೆಗಳ ಚಕ್ರ, ಇಳಿಬಿಸಿಲಿನಲ್ಲಿ ತೊಗಟೆ, ಮಳೆಯಲ್ಲಿ ಅದೇ ತೊಗಟೆ, ಗಾತ್ರ ತಿಳಿಯಲು ಪಕ್ಕದಲ್ಲೊಂದು ಅಂಗೈ. ಇವಿಷ್ಟನ್ನೂ ತೆಗೆದು, ಸ್ಥಳ ಮತ್ತು ದಿನಾಂಕಗಳನ್ನು ಬರೆದಿಡಬೇಕು. ಕಾಸರಕದ ಚಿತ್ರಗಳನ್ನೂ ಅದೇ ಕ್ರಮದಲ್ಲಿ ತೆಗೆದು ಎದುರು ಪುಟಕ್ಕೆ ಅಂಟಿಸಿದರೆ ಹೋಲಿಕೆಯೂ ಭೇದವೂ ಒಟ್ಟಿಗೆ ಕಾಣುತ್ತವೆ. ಹಾಗೆಂದು ಬರಿಯ ಚಿತ್ರವನ್ನು ನಂಬಿ ಯಾರೂ ತೊಗಟೆ ಕೀಳತಕ್ಕದ್ದಲ್ಲ. ಮರ ಬಲ್ಲ ಹಿರಿಯರೊಬ್ಬರನ್ನು ಅಮಾವಾಸ್ಯೆಯ ಹಿಂದಿನ ದಿನವೇ ಹಗಲಿನಲ್ಲಿ ಕರೆದೊಯ್ದು, ಅವರು ಹೌದೆಂದ ಕಾಂಡಕ್ಕೆ ಒಂದು ಹಗ್ಗ ಕಟ್ಟಿ ಬರಬೇಕು. ಕತ್ತಲೆಯಲ್ಲಿ ಕೈಗೆ ತಾಗುವುದು ಆ ಹಗ್ಗವೇ.