ಬೀಡಿ ಸೇದದವರ ಮೈಯಲ್ಲೂ ಹೊಗೆಸೊಪ್ಪು!

ಬೀಡಿ ಮುಟ್ಟಿದವರಲ್ಲ, ಕಡ್ಡಿಪುಡಿ ಜಗಿದವರಲ್ಲ. ಆದರೂ ಮೂತ್ರದಲ್ಲಿ ನಿಕೋಟಿನ್ನಿನ ಸುಳಿವು! ಹಸಿ ಹೊಗೆಸೊಪ್ಪು ಮುರಿಯುವವರಲ್ಲಿ ಹೀಗೂ ಆಗುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದರೆ ವರ್ಜೀನಿಯಾ ತಂಬಾಕಿನ ಸೀಮೆ. ಇಲ್ಲಿ ಸೊಪ್ಪು ಮುರಿಯುವ ಕೆಲಸ ಶುರುವಾಗುವುದೇ ಮಳೆಗಾಲದಲ್ಲಿ. ಎಲೆಯ ಮೇಲೆ ನಿಂತ ಮಳೆನೀರು, ಇಬ್ಬನಿಯಲ್ಲಿ ನಿಕೋಟಿನ್ ಕರಗುತ್ತದೆ. ಬರಿಗೈಗೆ, ತೊಯ್ದ ಬಟ್ಟೆಗೆ ತಾಗಿ ಚರ್ಮದೊಳಕ್ಕೆ ಇಳಿಯುತ್ತದೆ. ಸೊಪ್ಪು ಒಣಗಿಸುವ ಗೂಡಾದ ಬ್ಯಾರನ್ ಸೇರುವ ಮೊದಲೇ ತಲೆಸುತ್ತು, ವಾಕರಿಕೆ, ವಾಂತಿ! ಬಿಸಿಲಿಗೋ ಪಿತ್ತಕ್ಕೋ ಆಗಿರಬೇಕು ಎಂದುಕೊಂಡರೆ ಅಲ್ಲಿಗೆ ಮುಗಿಯಿತು.

ಆದರೆ ಮೈ ಲೆಕ್ಕ ಇಟ್ಟಿರುತ್ತದೆ. ರಕ್ತದ ನಿಕೋಟಿನ್ ಸುಮಾರು 2 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಅದನ್ನು ಯಕೃತ್ತು ಕೊಟಿನಿನ್ ಎಂಬ ವಸ್ತುವಾಗಿ ಮಾರ್ಪಡಿಸುತ್ತದೆ. ಇದು ಅರ್ಧಕ್ಕಿಳಿಯಲು ಸುಮಾರು 16 ಗಂಟೆ ಬೇಕು. ಇಂದು ಮುರಿದ ಸೊಪ್ಪಿನ ಗುರುತು ನಾಳೆಯೂ ಸಿಗುತ್ತದೆ!

ಅಳೆಯುವ ಉಪಾಯ ಇನ್ನೂ ಸೋಜಿಗ. ಮೂತ್ರವನ್ನು ಸೋಸಿ ಶುದ್ಧಗೊಳಿಸುವಾಗ ಕೊಟಿನಿನ್ ಒಂದಿಷ್ಟು ಕಳೆದೇ ಹೋಗುತ್ತದೆ. ಹೋದದ್ದೆಷ್ಟು? ಅದಕ್ಕೊಂದು ಅವಳಿ ಅಣುವನ್ನು ಕಟ್ಟುತ್ತಾರೆ! ಕೊಟಿನಿನ್ನಿನ ಮೂರು ಹೈಡ್ರೋಜನ್ ಜಾಗದಲ್ಲಿ, 1931ರಲ್ಲಿ ಹೆರಾಲ್ಡ್ ಯೂರಿ ಕಂಡುಹಿಡಿದ ಭಾರದ ಹೈಡ್ರೋಜನ್ ಡ್ಯೂಟೀರಿಯಂ. ಗುಣ ಹೆಚ್ಚುಕಡಿಮೆ ಅದೇ, ತೂಕ ಮಾತ್ರ ಮೂರು ಹೆಚ್ಚು. ಮೊದಲಿಗೇ 10 ನ್ಯಾನೋಗ್ರಾಂ ಬೆರೆಸಿದರೆ, ಒಂದು ಕಳೆದಷ್ಟೇ ಪಾಲು ಇನ್ನೊಂದೂ ಕಳೆಯುತ್ತದೆ. ಅಣುಗಳನ್ನು ತೂಕದಿಂದ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಎರಡನ್ನೂ 177, 180 ಎಂದು ಬೇರೆಬೇರೆಯಾಗಿ ಗುರುತಿಸುತ್ತದೆ. 177ರ ಸಂಕೇತ ಮೂರು ಪಟ್ಟಿದ್ದರೆ, ಮಾದರಿಯಲ್ಲಿದ್ದದ್ದು 30 ನ್ಯಾನೋಗ್ರಾಂ. ಗ್ರಾಮಿನ ನೂರು ಕೋಟಿಯ ಒಂದು ಪಾಲನ್ನೂ ಲೆಕ್ಕಕ್ಕೆ ತರುವ ಜಾಣ್ಮೆ ಇದು!

ಮಿದುಳಿನ ಕಾಯಿಲೆಯೊಂದರ ಪತ್ತೆಗೂ ಇದೇ ಅವಳಿ ಅಣುವಿನ ಉಪಾಯ. ನರತಂತುಗಳ ಮೈಲಿನ್ ಹೊದಿಕೆಯಲ್ಲಿ ಸಲ್ಫಟೈಡ್ ಎಂಬ ಕೊಬ್ಬಿದೆ. ಅದನ್ನು ಒಡೆಯುವ ಕಿಣ್ವ ಕೆಲಸ ಮಾಡದ ಮಕ್ಕಳಲ್ಲಿ ಅದು ಶೇಖರವಾಗಿ ಮೈಲಿನ್ ನಾಶವಾಗುತ್ತದೆ. ನಡೆಯುತ್ತಿದ್ದ ಮಗು ನಡಿಗೆಯನ್ನೇ ಕಳೆದುಕೊಳ್ಳುತ್ತದೆ. ಮೆಟಾಕ್ರೊಮ್ಯಾಟಿಕ್ ಲ್ಯುಕೋಡಿಸ್ಟ್ರಫಿ ಎಂಬ ಈ ಕಾಯಿಲೆಯ ಪತ್ತೆಗೆ, ಕಾಗದದ ಮೇಲೆ ಒಣಗಿದ ರಕ್ತದ ಚುಕ್ಕೆಯಿಂದಲೂ ಸಲ್ಫಟೈಡ್ ಅಳೆಯುತ್ತಾರೆ. ಅಲ್ಲೂ ಡ್ಯೂಟೀರಿಯಂ ತೊಟ್ಟ ಸಲ್ಫಟೈಡೇ ಅಳತೆಗೋಲು!

ಹೊಲದಲ್ಲೂ ಈ ವಿದ್ಯೆ ಕೈಹಿಡಿಯಬಲ್ಲದು. ಸೇದುವ, ಜಗಿಯುವ ಅಭ್ಯಾಸ ಕೇಳಿಕೊಂಡು, ಕೆಲಸದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆದರೆ ಸಾಕು. ಕೈಗವಸು ಎಷ್ಟು ತಡೆಯಿತು, ಎಲೆಯ ಮೇಲಿನ ನೀರು ಆರುವವರೆಗೆ ಕಾದದ್ದರಿಂದ ಎಷ್ಟು ತಪ್ಪಿತು ಎಂಬುದು ಅಂಕಿಯಲ್ಲೇ ಸಿಗುತ್ತದೆ. ಆಗ ಕೂಲಿಯವರ ವಾಂತಿಗೆ ಪಿತ್ತದ ನೆಪ ಹೇಳುವುದು ಸುಲಭವಲ್ಲ.