ಶುಶ್ರೂಷೆಯೋ, ಶವಸಂರಕ್ಷಣೆಯೋ?

ನಮ್ಮ ಹಿರಿಯ ಭಕ್ತರೊಬ್ಬರ ಮೊಮ್ಮಗಳು ಅಮೆರಿಕದಲ್ಲಿ ಶಾಲಾ ಶಿಕ್ಷಣ ಮುಗಿಸಿದ್ದಾಳೆ. ಆಕೆಯ ಮನಸ್ಸಿನಲ್ಲಿ ಎರಡು ದಾರಿಗಳಿವೆ. ಒಂದು ನರ್ಸಿಂಗ್. ಇನ್ನೊಂದು, ಅಲ್ಲಿ 'ಮಾರ್ಚುರಿ ಸೈನ್ಸ್' ಎನ್ನಲಾಗುವ, ಮೃತದೇಹವನ್ನು ಸಂರಕ್ಷಿಸಿ ಅಂತ್ಯಸಂಸ್ಕಾರವನ್ನು ನಡೆಸಿಕೊಡುವ ವಿದ್ಯೆ. ಮೊದಲನೆಯದನ್ನು ಕೇಳಿ ಮನೆಯವರು ಹಿಗ್ಗಿದರು. ಎರಡನೆಯದನ್ನು ಕೇಳಿ ಅಜ್ಜಿ ಒಂದು ಹೊತ್ತಿನ ಊಟ ಬಿಟ್ಟರಂತೆ. 'ಹೆಣ ತೊಳೆಯುವುದಕ್ಕೆ ಅಷ್ಟು ದೂರದ ದೇಶದಲ್ಲಿ ಓದಬೇಕೇ?' ಎಂಬುದು ಆ ತಾಯಿಯ ಪ್ರಶ್ನೆ. ಈ ಕುರಿತು ಬರೆಯಬೇಕೆಂದು ಅಜ್ಜನವರು ನಮ್ಮನ್ನು ಕೋರಿದ್ದಾರೆ.

ಮೊದಲು ಅಜ್ಜಿಯವರ ಅಳುಕಿನ ಮಾತನ್ನು ಮುಗಿಸೋಣ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣರು ಅಲ್ಲಗಳೆದು ಎಂಟು ಶತಮಾನಗಳೇ ಕಳೆದಿವೆ. ಆದ್ದರಿಂದ ಮೈಲಿಗೆಯ ಕಾರಣ ಹೇಳಿ ಮಗುವನ್ನು ತಡೆಯಲು ನಮ್ಮಲ್ಲಿ ಅವಕಾಶವಿಲ್ಲ. ತಡೆಯುವುದಾದರೆ ಬೇರೆ ಕಾರಣಗಳಿರಬೇಕು. ಅಂಥ ಕಾರಣಗಳು ಇವೆ, ಅವುಗಳನ್ನೇ ವಿಚಾರಿಸಬೇಕು.

ಅಮೆರಿಕದಲ್ಲಿ ದೇಹ ಸಂರಕ್ಷಣೆ ರೂಢಿಗೆ ಬಂದದ್ದು 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ಕಾಲದಲ್ಲಿ. ದೂರದ ರಣರಂಗದಲ್ಲಿ ಮಡಿದ ಮಕ್ಕಳ ದೇಹಗಳನ್ನು ಊರಿಗೆ ತರಿಸಿಕೊಳ್ಳಲು ತಂದೆತಾಯಿಗಳು ಹಂಬಲಿಸಿದರು. 1865ರಲ್ಲಿ ಹತ್ಯೆಗೀಡಾದ ಅಧ್ಯಕ್ಷ ಲಿಂಕನ್ನರ ದೇಹವನ್ನು ವಾಷಿಂಗ್ಟನ್ನಿನಿಂದ ಸ್ಪ್ರಿಂಗ್‌ಫೀಲ್ಡಿಗೆ ರೈಲಿನಲ್ಲಿ ಒಯ್ಯುವಾಗ ದಾರಿಯುದ್ದಕ್ಕೂ ಜನ ಅಂತಿಮ ದರ್ಶನ ಪಡೆದರು. ಅಲ್ಲಿಂದ ಮುಂದೆ ಅದು ಕಲಿತು, ಪರೀಕ್ಷೆ ಬರೆದು, ಪರವಾನಗಿ ಪಡೆದು ಮಾಡುವ ವೃತ್ತಿಯಾಗಿ ಬೆಳೆಯಿತು. ಸಾಮಾನ್ಯವಾಗಿ ಎರಡು ವರ್ಷಗಳ ಕಾಲೇಜು ವ್ಯಾಸಂಗ; ಆನಂತರ ಒಂದರಿಂದ ಮೂರು ವರ್ಷ ಅನುಭವಿಗಳ ಕೈಕೆಳಗೆ ಕಲಿಕೆ; ರಾಷ್ಟ್ರಮಟ್ಟದ ಪರೀಕ್ಷೆ. ಅಂಗರಚನೆ, ರೋಗಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆಗೆ ಲೆಕ್ಕಪತ್ರ, ಕಾನೂನು, ದುಃಖಿತರ ಮನಶ್ಶಾಸ್ತ್ರ, ಅಪಘಾತದಲ್ಲಿ ವಿರೂಪಗೊಂಡ ಮುಖವನ್ನು ಮೇಣದಿಂದ ಸರಿಪಡಿಸುವ ಕಲೆ ಇವೆಲ್ಲವೂ ಪಠ್ಯದಲ್ಲಿವೆ.

ನರ್ಸಿಂಗ್‌ಗೆ ಅಲ್ಲಿ ಎರಡು ವರ್ಷದ ಅಥವಾ ನಾಲ್ಕು ವರ್ಷದ ಪದವಿಯುಂಟು. ಯಾವುದನ್ನು ಓದಿದರೂ ಪರವಾನಗಿಗೆ ಬರೆಯಬೇಕಾದ ಪರೀಕ್ಷೆ ಒಂದೇ. ಈ ವೃತ್ತಿ ನಮ್ಮ ಓದುಗರಿಗೆ ಪರಿಚಿತವಾದುದರಿಂದ ಹೆಚ್ಚು ವಿವರಿಸುವುದಿಲ್ಲ.

ಒಂದು ವೃತ್ತಿ ಬದುಕಿರುವವರದು, ಮತ್ತೊಂದು ಸತ್ತವರದು ಎಂದು ಜನ ಭಾವಿಸುತ್ತಾರೆ. ಈ ಭಾವನೆಯೇ ಆಯ್ಕೆಯನ್ನು ದಾರಿ ತಪ್ಪಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ವಾರ್ಡಿನಲ್ಲಿ ರೋಗಿ ಕಡೆಯುಸಿರೆಳೆದಾಗ ಕಣ್ಣು ಮುಚ್ಚಿಸುವವರು, ನಳಿಕೆಗಳನ್ನು ತೆಗೆಯುವವರು, ಮೈ ಒರೆಸುವವರು, ಕಟ್ಟುಹಲ್ಲನ್ನು ಮರಳಿ ಕೂಡಿಸುವವರು ನರ್ಸ್‌ಗಳೇ. ತಲೆಯ ಕೆಳಗೊಂದು ದಿಂಬಿಟ್ಟು ಸ್ವಲ್ಪ ಎತ್ತರಿಸುವುದನ್ನೂ ಅವರಿಗೆ ಕಲಿಸುತ್ತಾರೆ. ಹಾಗೆ ಮಾಡದಿದ್ದರೆ ರಕ್ತ ಮುಖದತ್ತ ಇಳಿದು ನಿಂತು ಚರ್ಮ ಕಪ್ಪಿಡುತ್ತದೆ. ಮುಂದೆ ಬಂಧುಗಳು ನೋಡುವ ಕೊನೆಯ ಮುಖ ಹೇಗಿರುತ್ತದೆ ಎಂಬುದು ಈ ಒಂದು ದಿಂಬಿನ ಮೇಲೂ ಅವಲಂಬಿಸಿದೆ.

ಅತ್ತ ಶವಸಂರಕ್ಷಕರ ದಿನದ ಬಹುಭಾಗ ಕಳೆಯುವುದು ಬದುಕಿರುವವರೊಡನೆ. ಕತ್ತಿನ ರಕ್ತನಾಳದ ಮೂಲಕ ಫಾರ್ಮಾಲಿನ್ ಬೆರೆತ ದ್ರವವನ್ನು ಹರಿಸಿ ದೇಹವನ್ನು ಸಿದ್ಧಗೊಳಿಸುವುದು ಕೆಲವು ಗಂಟೆಗಳ ಕೆಲಸ. ಉಳಿದ ಹೊತ್ತೆಲ್ಲ ಗಂಡನನ್ನು ಕಳೆದುಕೊಂಡ ಹೆಂಡತಿಯ ಎದುರು, ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ, ಖರ್ಚಿನ ಪಟ್ಟಿ ಹಿಡಿದು ಕುಳಿತಿರಬೇಕು. ಆ ಪಟ್ಟಿಯನ್ನು ಬರಹದಲ್ಲಿ ಕೊಡಲೇಬೇಕೆಂಬ ಕೇಂದ್ರ ನಿಯಮ 1984ರಿಂದ ಅಲ್ಲಿ ಜಾರಿಯಲ್ಲಿದೆ. 'ಸತ್ತವರು ಎದುರು ಮಾತಾಡುವುದಿಲ್ಲ, ನೆಮ್ಮದಿಯ ಕೆಲಸ' ಎಂದು ಈ ವೃತ್ತಿಗೆ ಬಂದವರು ಬಹುಕಾಲ ನಿಲ್ಲಲಾರರು. ಅಂತೆಯೇ ಸಂಬಳಕ್ಕಾಗಿ ಮಾತ್ರ ನರ್ಸಿಂಗ್ ಹಿಡಿದವರು ಮೊದಲ ವರ್ಷದ ರಾತ್ರಿಪಾಳಿಗಳಲ್ಲಿಯೇ ಬಳಲಿಬಿಡುತ್ತಾರೆ. ಮೊಮ್ಮಗಳನ್ನು ಕೇಳಬೇಕಾದ ಮಾತು ಇದು: ನೋವು ಇನ್ನೂ ಮಾತಾಡುತ್ತಿರುವ ಹಾಸಿಗೆಯ ಬಳಿ ನಿಲ್ಲಬಲ್ಲೆಯೋ, ಅಥವಾ ಎಲ್ಲ ಮುಗಿದ ಮೇಲೆ ಉಳಿದವರ ಬಳಿ ಕುಳಿತುಕೊಳ್ಳಬಲ್ಲೆಯೋ?

ದೇಹಜ್ಞಾನ ನಮ್ಮ ಆಚರಣೆಗೂ ದೂರದ್ದಲ್ಲ. ಲಿಂಗೈಕ್ಯರಾದವರನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವುದು ನಮ್ಮ ಪದ್ಧತಿ. ಪ್ರಾಣ ಹೋದೊಡನೆ 'ಬೇಗ ಕೂಡಿಸಿ' ಎಂದು ಹಳ್ಳಿಯ ಹಿರಿಯರು ಅವಸರಪಡಿಸುವುದನ್ನು ಎಲ್ಲರೂ ಕಂಡಿದ್ದೇವೆ. ಅದಕ್ಕೆ ಶಾರೀರಿಕ ಕಾರಣವಿದೆ. ಸಾಮಾನ್ಯವಾಗಿ 2–4 ಗಂಟೆಗಳಲ್ಲಿ ದವಡೆ, ಕುತ್ತಿಗೆಗಳ ಸ್ನಾಯುಗಳು ಸೆಟೆಯತೊಡಗಿ, ಸುಮಾರು 12 ಗಂಟೆಗಳಲ್ಲಿ ಸೆಡೆತ ಇಡೀ ಮೈಯನ್ನು ವ್ಯಾಪಿಸುತ್ತದೆ. ಮುಂದೆ ತಾನಾಗಿಯೇ ಸಡಿಲಗೊಳ್ಳುತ್ತದೆ. ನಮ್ಮ ಸೆಕೆಯಲ್ಲಿ ಇದೆಲ್ಲ ಇನ್ನೂ ಬೇಗ. ಈಗ ಪರಸ್ಥಳದ ಮಕ್ಕಳು ಬರುವ ತನಕ ದೇಹವನ್ನು ಶೀತಲಪೆಟ್ಟಿಗೆಯಲ್ಲಿ ನೇರವಾಗಿ ಮಲಗಿಸುತ್ತಾರೆ. ಅನಂತರ ಕೂಡಿಸಲು ಹೋದರೆ ಮಂಡಿ ಮಡಿಯುವುದಿಲ್ಲ. ನಾಲ್ವರು ಗಂಡಸರು ಬಲ ಪ್ರಯೋಗಿಸುತ್ತಾರೆ, ಹೆಣ್ಣುಮಕ್ಕಳು ಮುಖ ತಿರುಗಿಸುತ್ತಾರೆ. ಕೀಲುಗಳನ್ನು ಮೆಲ್ಲಗೆ ತಿಕ್ಕಿ, ಬಾಗಿಸಿ ಸೆಡೆತವನ್ನು ಬಿಡಿಸುವುದು ಶವಸಂರಕ್ಷಕರು ಕಲಿಯುವ ಮೊದಲ ಪಾಠಗಳಲ್ಲೊಂದು. ಬಲ್ಲವರೊಬ್ಬರು ಅಲ್ಲಿದ್ದರೆ ಆ ಎಳೆದಾಟ ತಪ್ಪುತ್ತಿತ್ತು.

ಪರದೇಶದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಮಕ್ಕಳ ಮನೆಗೆಂದು ಹೋದ ವೃದ್ಧರು ಅಲ್ಲಿಯೇ ತೀರಿಕೊಂಡರೆ, ದೇಹವನ್ನು ಊರಿಗೆ ತರಲು ಮರಣಪತ್ರದ ಜೊತೆಗೆ ದೇಹ ಸಂರಕ್ಷಿಸಿದ ಪ್ರಮಾಣಪತ್ರವೂ ಬೇಕು. ಅಪರಿಚಿತ ಕಚೇರಿಯಲ್ಲಿ, ಕೊರಳ ಇಷ್ಟಲಿಂಗವನ್ನು ತೆಗೆಯಬೇಡಿರೆಂದು, ಹಣೆಯ ವಿಭೂತಿ ಅಳಿಸಬೇಡಿರೆಂದು ಅಳುತ್ತಲೇ ವಿವರಿಸಬೇಕಾದ ಮಕ್ಕಳ ಕಷ್ಟ ಊಹಿಸಬಹುದು. ಆ ಮೇಜಿನ ಆಚೆ ಬದಿಯಲ್ಲಿ ಕನ್ನಡ ಬಲ್ಲ ಹುಡುಗಿಯೊಬ್ಬಳು ಕುಳಿತಿದ್ದರೆ ಅದು ಸಣ್ಣ ಸೇವೆಯಲ್ಲ.

ಇಷ್ಟಾದರೂ ಲೋಕವ್ಯವಹಾರವನ್ನು ಮರೆಯಲಾಗದು. ಅಮೆರಿಕದಲ್ಲಿ ನರ್ಸ್‌ಗಳ ಸಂಖ್ಯೆ 30 ಲಕ್ಷವನ್ನು ಮೀರಿದೆ. ಆಸ್ಪತ್ರೆಯಿರುವ ಊರಿನಲ್ಲೆಲ್ಲ ಕೆಲಸವುಂಟು, ಹಲವು ರಾಜ್ಯಗಳಲ್ಲಿ ಒಂದೇ ಪರವಾನಗಿ ನಡೆಯುತ್ತದೆ. ಶವಸಂರಕ್ಷಕರ ಪರವಾನಗಿ ಆಯಾ ರಾಜ್ಯಕ್ಕೆ ಸೇರಿದ್ದು. ಅಂತ್ಯಸಂಸ್ಕಾರದ ಸಂಸ್ಥೆಗಳಲ್ಲಿ ಬಹುಪಾಲು ತಂದೆಯಿಂದ ಮಕ್ಕಳಿಗೆ ಬರುವ ಮನೆತನದ ಉದ್ಯಮಗಳು. ಹೊರಗಿನಿಂದ ಬಂದ ಹುಡುಗಿ ಬಹುಕಾಲ ಸಂಬಳದವಳಾಗಿಯೇ ಇರಬೇಕಾದೀತು. ಮದುವೆಯಾಗಿ ಬೇರೆ ರಾಜ್ಯಕ್ಕೆ ಹೋಗಬೇಕಾದರೆ ಈ ವ್ಯತ್ಯಾಸ ಸಣ್ಣದಲ್ಲ.

ಆರೋಗ್ಯದ ಅಪಾಯಗಳು ಎರಡೂ ಕಡೆ ಇವೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತೀರ್ಮಾನಿಸಿತು. ಗಾಳಿ ಹೊರದೂಡುವ ಯಂತ್ರವಿಲ್ಲದ ಕೊಠಡಿಯಲ್ಲಿ ಈ ಕೆಲಸ ಮಾಡಲೇಬಾರದು. ಕ್ಷಯದ ಸೋಂಕು ಮೃತದೇಹದಿಂದಲೂ ತಗಲಬಲ್ಲದು. ಇತ್ತ ನರ್ಸ್‌ಗಳಿಗೆ ಸೂಜಿಚುಚ್ಚಿನ ಭಯ, ರೋಗಿಗಳನ್ನೆತ್ತುವ ಬೆನ್ನುನೋವು, ನಿದ್ರೆಗೇಡು. ರಾತ್ರಿಪಾಳಿಯನ್ನೂ ಅದೇ ಸಂಸ್ಥೆ ಕ್ಯಾನ್ಸರ್ ತರುವ ಸಂಭವವಿರುವವುಗಳ ಪಟ್ಟಿಗೆ ಸೇರಿಸಿದೆ. ಹೆಪಟೈಟಿಸ್ ಬಿ ಲಸಿಕೆ ಎರಡು ವೃತ್ತಿಯವರಿಗೂ ಕಡ್ಡಾಯವೆಂದೇ ತಿಳಿಯಬೇಕು.

ಕರ್ನಾಟಕದಲ್ಲಿರುವ ಮಕ್ಕಳು ಇದೇ ಪ್ರಶ್ನೆ ಕೇಳಿದರೆ ನಮ್ಮ ಉತ್ತರ ಬೇರೆ. ಇಲ್ಲಿ ಶವಾಗಾರದ ಕೆಲಸವನ್ನು ಕಡಿಮೆ ಸಂಬಳಕ್ಕೆ, ಕೈಯಿಂದ ಕೈಗೆ ಕಲಿತು ಮಾಡುವವರೇ ಹೆಚ್ಚು. ಅವರಿಗೆ ಸಮಾಜ ಕೊಡುವ ಮರ್ಯಾದೆ ಹೇಳಿಕೊಳ್ಳುವಂಥದ್ದಲ್ಲ. ನರ್ಸಿಂಗ್‌ನಂತೆ ಊರೂರಿಗೆ ಕಾಲೇಜುಗಳಿಲ್ಲ. ಆದ್ದರಿಂದ ಇಲ್ಲಿನ ಮಕ್ಕಳು ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಓದುವುದೇ ಲೇಸು. ಮೃತರ ಸೇವೆಯತ್ತ ಮನಸ್ಸಿದ್ದರೆ ಆನಂತರ ಅಂಗದಾನದ ಸಂಯೋಜನೆ, ನೇತ್ರಭಂಡಾರ, ಕೊನೆಗಾಲದ ಉಪಶಮನ ಚಿಕಿತ್ಸೆ ಈ ಕಡೆಗಳಿಗೆ ಹೋಗಬಹುದು. ಮರಣಾನಂತರ 6 ಗಂಟೆಗಳೊಳಗೆ ಕಣ್ಣು ಪಡೆಯಬೇಕಾದ ಕೆಲಸಕ್ಕೆ ಚುರುಕಿನ ಕೈಗಳು ಬೇಕೇ ಬೇಕು.

ಅಜ್ಜನವರ ಮೊಮ್ಮಗಳಿಗೆ ಮಾತ್ರ ಈಗಲೇ ತೀರ್ಮಾನಿಸುವ ಅವಸರವಿಲ್ಲ. ಅಂಗರಚನೆ, ಸೂಕ್ಷ್ಮಜೀವಿಶಾಸ್ತ್ರ, ಮನಶ್ಶಾಸ್ತ್ರಗಳು ಎರಡು ವ್ಯಾಸಂಗಗಳಲ್ಲಿಯೂ ಬರುತ್ತವೆ. ಅವುಗಳನ್ನು ಮೊದಲ ವರ್ಷ ಸ್ಥಳೀಯ ಕಾಲೇಜಿನಲ್ಲಿ ಓದಲಿ. ಯಾವ ಅಂಕಗಳನ್ನು ಮುಂದೆ ಒಪ್ಪಿಕೊಳ್ಳುತ್ತಾರೆಂದು ಎರಡೂ ಕಡೆ ಮೊದಲೇ ವಿಚಾರಿಸಿಕೊಳ್ಳಲಿ. ರಜೆಯಲ್ಲಿ ಕೆಲವು ವಾರ ವೃದ್ಧರ ಆರೈಕೆಯ ಮನೆಯಲ್ಲಿ, ಕೆಲವು ವಾರ ಅಂತ್ಯಸಂಸ್ಕಾರದ ಸಂಸ್ಥೆಯಲ್ಲಿ ಕೆಲಸ ನೋಡಿಬರಲಿ. ಮನೆಗೆ ಬಂದ ಮೇಲೆ ಅಜ್ಜಿ ಫೋನಿನಲ್ಲಿ 'ಇವತ್ತು ಏನು ಮಾಡಿದೆ ಮಗಳೇ?' ಎಂದು ಕೇಳಲಿ, ಕಡೆಯ ತನಕ ಕೇಳಿಸಿಕೊಳ್ಳಲಿ.