ಹಾಸ್ಟೆಲ್ ನೀರು ಮೋರಿಗೆ, ಅನ್ನ ತಿಪ್ಪೆಗೆ!

ನಗರಗೆರೆ ಹೋಬಳಿಯ ರೈತನಿಗೆ ನೀರಿನ ಬೆಲೆ ಏನು ಅಂತ ಯಾರೂ ಪಾಠ ಹೇಳಬೇಕಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಉತ್ತರ ಪಿನಾಕಿನಿ ಹೆಸರಿಗಷ್ಟೇ ನದಿ. ಸಾವಿರ ಅಡಿ ಕೊರೆದರೂ ಬೋರಿನಲ್ಲಿ ನೀರು ಬಂದ್ರೆ ಪುಣ್ಯ. ಬಂದ ನೀರಿನಲ್ಲೂ ಹಲವು ಕಡೆ ಫ್ಲೋರೈಡ್. ಅದೇ ರೈತನ ಮಗ ಕಾಲೇಜು ಹಾಸ್ಟೆಲ್ ಸೇರಿದ ಅಂದ್ರೆ ನಲ್ಲಿಗೆ ಲೆಕ್ಕವೇ ಇಲ್ಲ.

ಲೆಕ್ಕ ಹಾಕಿ ನೋಡಿ. 200 ಹುಡುಗರು, ದಿನಕ್ಕೆ ಮೂರು ಹೊತ್ತು, ಕೈ-ತಟ್ಟೆ ತೊಳೆಯಲು ತಲಾ 2 ಲೀಟರ್ ಅಂದುಕೊಂಡರೂ ದಿನಕ್ಕೆ 1200 ಲೀಟರ್. ಇದನ್ನು ಸೋಸಿ ಬಾಳೆ, ತೆಂಗಿನ ಬುಡಕ್ಕೆ ಬಿಡಬಹುದು. ಬಿಡುವವರು ಯಾರು?

ತಮಾಷೆ ಏನಪ್ಪಾ ಅಂದ್ರೆ, ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನೇ ಎರಡು ಹಂತ ಶುದ್ಧಿ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ದೂರದ ಊರಿನ ಕೊಳಚೆಗೆ ಕೆರೆ ಬಾಯಿ ಬಿಟ್ಟು ಕೂತಿದೆ, ನಮ್ಮ ಹಾಸ್ಟೆಲಿನ ನೀರು ಮೋರಿ ಪಾಲು!

ಊಟದ ಕಥೆಯೂ ಅಷ್ಟೆ. ನಮ್ಮ ಸೀಮೆಯ ಬಸ್ಸಾರು ನೋಡಿ. ಕಾಳು-ಸೊಪ್ಪು ಬೇಯಿಸಿ ಬಸಿದ ಕಟ್ಟು ಸಾರಾಗುತ್ತೆ, ಉಳಿದದ್ದು ಪಲ್ಯವಾಗುತ್ತೆ. ಚೆಲ್ಲೋದು ಏನೂ ಇಲ್ಲ. ಜೊತೆಗಿರುವ ಮುದ್ದೆಯ ರಾಗಿ ಮಳೆ ನೀರಿನಲ್ಲೇ ಬೆಳೆಯುವಂಥದ್ದು, ಭತ್ತದಂತೆ ಗದ್ದೆ ತುಂಬ ನೀರು ಕೇಳೋದಿಲ್ಲ. ಮೆಸ್ಸಿನಲ್ಲಿ ರಾಶಿ ಅನ್ನ ಬಡಿಸಿ, ಮಿಕ್ಕಿದ್ದನ್ನು ತಿಪ್ಪೆಗೆ ಸುರಿಯುವುದಕ್ಕಿಂತ ಇದು ಮೇಲಲ್ಲವೇ? ಆದರೂ ಮಿಕ್ಕರೆ ಗೋಬರ್ ಗ್ಯಾಸ್ ಮಾದರಿಯ ತೊಟ್ಟಿಗೆ ಹಾಕಿದ್ರೆ ಒಲೆಗೆ ಗ್ಯಾಸು, ಗಿಡಕ್ಕೆ ಗೊಬ್ಬರ.

ಸರಳವಾಗಿ ಬದುಕೋದು ಬಡವರ ಕರ್ಮ ಅನ್ನುವವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಡಾ. ಎಚ್. ನರಸಿಂಹಯ್ಯನವರನ್ನು ನೆನೆಯಲಿ. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಖಾದಿ ತೊಟ್ಟು, ಬಸವನಗುಡಿ ನ್ಯಾಷನಲ್ ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲೇ ದಶಕಗಳ ಕಾಲ ಬದುಕಿದರು. 2005ರಲ್ಲಿ ತೀರಿಕೊಂಡರು. ಗೌರಿಬಿದನೂರಿಗೂ ನ್ಯಾಷನಲ್ ಕಾಲೇಜು ತಂದವರು ಅವರೇ.

2017ರಲ್ಲಿ ಶುರುವಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಶಿಡ್ಲಘಟ್ಟ ತಾಲ್ಲೂಕಿನ ಅಮರಾವತಿಯಲ್ಲಿ ಜಾಗ ಕೊಟ್ಟಿದ್ದಾರೆ. ಈ ಜಿಲ್ಲೆಯಲ್ಲಿ ಹಾಸ್ಟೆಲ್ ಕಟ್ಟುವವರು ಯಾರೇ ಆಗಲಿ, ನಕ್ಷೆ ಬರೆಯುವಾಗಲೇ ಮಳೆನೀರಿನ ತೊಟ್ಟಿ, ತೊಳೆದ ನೀರಿಗೆ ತೋಟ, ಚಾವಣಿ ಮೇಲೆ ಸೋಲಾರ್ ಹೀಟರ್ ಸೇರಿಸಲಿ. ಕಟ್ಟಡ ಎದ್ದ ಮೇಲೆ ಗೋಡೆ ಒಡೆಯೋದಕ್ಕೆ ದುಡ್ಡು ಯಾರ ಜೇಬಿನದು? ನಮ್ಮದೇ ಅಲ್ವೇ!